ಹಳೆಯ ತಂತ್ರಾಂಶದ ಹೊಣೆ ಹೊರುವ ಮುನ್ನ

ದೊಡ್ಡ ಸಂಸ್ಥೆಯ ಮೂವತ್ತು ವರ್ಷ ಹಳೆಯ ತಂತ್ರಾಂಶವು ನಿಮ್ಮ ತಂಡದ ಪಾಲಿಗೆ ಬಂದರೆ, ಕೋಡ್‌ಗೆ ಕೈಹಚ್ಚುವ ಮೊದಲು ಅದನ್ನು ಬಲ್ಲ ಹಿರಿಯರು ನಿವೃತ್ತರಾಗುವುದು ಯಾವಾಗ ಎಂದು ವಿಚಾರಿಸಿ. ಇಂಥ ಹಲವು ತಂತ್ರಾಂಶಗಳನ್ನು ಬರೆದಿರುವ, 1959ರಲ್ಲಿ ರೂಪುಗೊಂಡ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಂದಿನವರಿಗೆ ಬರುವುದಿಲ್ಲವೆಂಬುದು ಎಲ್ಲೆಡೆ ಕೇಳಿಬರುವ ದೂರು. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ, ಏಕೆಂದರೆ ಭಾಷೆಯನ್ನು ಕಲಿಯಬಹುದು, ಆದರೆ ಒಂದು ಷರತ್ತನ್ನು ಯಾರು, ಯಾಕಾಗಿ ಸೇರಿಸಿದರೆಂಬುದು ಕೋಡ್‌ನಲ್ಲಿ ಸಿಗುವುದಿಲ್ಲ.

ವೈ2ಕೆ ಕಾಲದ, ಅಂದರೆ ವರ್ಷವನ್ನು ಎರಡೇ ಅಂಕಿಯಲ್ಲಿ ಇಡುತ್ತಿದ್ದ ತಂತ್ರಾಂಶಗಳು 2000ವನ್ನು 1900 ಎಂದು ತಿಳಿದಾವೆಂದು ಎಲ್ಲರೂ ಹೆದರಿದ್ದ ಕಾಲದ, ದುರಸ್ತಿಯನ್ನೇ ನೋಡಿ. ಬೆಂಗಳೂರಿನ ಕಂಪನಿಗಳಿಗೂ ಕೈತುಂಬ ಕೆಲಸ ತಂದ ಆ ದಿನಗಳಲ್ಲಿ, ಎಷ್ಟೋ ಕಡೆ ಎರಡಂಕಿಯ ವರ್ಷವನ್ನು ನಾಲ್ಕಂಕಿಗೆ ಹಿಗ್ಗಿಸುವ ಬದಲು ಒಂದು ಗಡಿಯನ್ನು ಹಾಕಿಕೊಂಡರು. ಗಡಿ 30 ಎಂದಿಟ್ಟುಕೊಳ್ಳಿ: ಅದಕ್ಕಿಂತ ಕಡಿಮೆಯಿದ್ದರೆ ಹಿಂದೆ 20, ಇಲ್ಲವಾದರೆ 19. 2025ರಲ್ಲಿ ಇಟ್ಟ ಐದು ವರ್ಷದ ಠೇವಣಿಯ ಅವಧಿ ಆಗ 1930ಕ್ಕೇ ಮುಗಿದಂತೆ ಕಾಣುತ್ತದೆ. ಇಂಥ ಗಡಿಗಳನ್ನು ಹುಡುಕಿ, ಹಿರಿಯರ ಪಕ್ಕದಲ್ಲೇ ಕುಳಿತು ಕಾರಣಸಹಿತ ಬರೆದಿಡಿ.

ಬಳಕೆಯಲ್ಲಿಲ್ಲದ ಕೋಡನ್ನು 'ಇದ್ದರೆ ಇರಲಿ' ಎಂದು ಬಿಡಬೇಡಿ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ 2003ರಲ್ಲೇ ಬಳಕೆ ನಿಲ್ಲಿಸಿದ್ದ 'ಪವರ್ ಪೆಗ್' ಎಂಬ ಭಾಗವನ್ನು ಅಳಿಸದೆ ಉಳಿಸಿಕೊಂಡಿತ್ತು. ಅದನ್ನು ಚಾಲನೆಗೊಳಿಸುತ್ತಿದ್ದ ಸಂಕೇತವನ್ನೇ 2012ರಲ್ಲಿ ಹೊಸ ಕೆಲಸಕ್ಕೆ ಬಳಸಿಕೊಂಡಾಗ, ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ಮರೆತುಹೋಯಿತು. ಆಗಸ್ಟ್ 1ರ ಬೆಳಿಗ್ಗೆ ಆ ಒಂದು ಸರ್ವರ್‌ನಲ್ಲಿ ಹಳೆಯ ಭಾಗ ಎದ್ದು ಕುಳಿತು ಸುಮಾರು 45 ನಿಮಿಷ ಆದೇಶಗಳನ್ನು ಕಳುಹಿಸುತ್ತಲೇ ಇತ್ತು; ನಷ್ಟ 40 ಕೋಟಿ ಡಾಲರಿಗೂ ಹೆಚ್ಚು. ಹಾಕಿದ್ದನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿಯೇ ಅಲ್ಲಿರಲಿಲ್ಲ. ನಿಮ್ಮಲ್ಲಿ ಅದು ಬರಹದಲ್ಲಿರಲಿ.

ಅಳಿಸುವುದಕ್ಕೂ ತಿದ್ದುವುದಕ್ಕೂ ಮೊದಲು, ಇಂದಿನ ವ್ಯವಸ್ಥೆಗೆ ಏನು ಕೊಟ್ಟರೆ ಏನು ಬರುತ್ತದೆಂಬುದನ್ನು, ತಪ್ಪೆಂದು ತೋರುವ ಫಲಿತಾಂಶಗಳನ್ನೂ ಬಿಡದೆ, ದಾಖಲಿಸಿಕೊಳ್ಳಿ. ಆ ತಪ್ಪನ್ನೇ ನಂಬಿ ನಡೆಯುತ್ತಿರುವ ಇನ್ನೊಂದು ವಿಭಾಗ ಇದ್ದೇ ಇರುತ್ತದೆ.

ಎಲ್ಲವನ್ನೂ ಒಂದೇ ಏಟಿಗೆ ಹೊಸದಾಗಿ ಬರೆಯುವ ಯೋಜನೆಗೆ ಆಡಳಿತ ಮಂಡಳಿ ಹಣ ಕೊಟ್ಟೀತು, ದಿನನಿತ್ಯದ ದುರಸ್ತಿಗೆ ಕೊಡಲು ಹಿಂದೆಮುಂದೆ ನೋಡುತ್ತದೆ. ಆದರೂ ಒಂದೊಂದೇ ಕೆಲಸವನ್ನು ಹೊಸದಕ್ಕೆ ಸಾಗಿಸುವುದೇ ಸುರಕ್ಷಿತ. ಬಡ್ಡಿ ಲೆಕ್ಕದಂಥ ಭಾಗವಾದರೆ ಹಳೆಯದನ್ನೂ ಹೊಸದನ್ನೂ ಜೊತೆಜೊತೆಯಾಗಿ ಓಡಿಸಿ, ಮಾರ್ಚ್ 31ರ ಲೆಕ್ಕ ಎರಡರಲ್ಲೂ ಪೈಸೆಗೆ ಪೈಸೆ ತಾಳೆಯಾಗುವವರೆಗೆ ಹಳೆಯದನ್ನು ನಿಲ್ಲಿಸಬೇಡಿ.