ಅಪ್ಪನ ಡೈರಿಯ ನೀರಿನ ಮಟ್ಟ, ಆರ್‌ನಲ್ಲಿ ಒಂದು ಗೆರೆ

ಮಂಡ್ಯದ ಕಡೆ ಮಳೆಗಾಲದಲ್ಲಿ ಪೇಪರ್ ಬಿಡಿಸಿದವರು ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ನಮ್ಮಪ್ಪ ಅದನ್ನು ದಿನಾ ಡೈರಿಯಲ್ಲಿ ಬರೆದಿಡುತ್ತಾರೆ. ನಾಲೆಗೆ ಯಾವಾಗ ಬಿಡುತ್ತಾರೆ, ಭತ್ತದ ಸಸಿಯ ಒಟ್ಲು ಯಾವಾಗ ಹಾಕಬೇಕು ಎನ್ನುವ ಲೆಕ್ಕ ಅವರದು. ಆ ಡೈರಿಯನ್ನೇ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಮಾಡಿದೆ. ನೀವೂ ಮಾಡಬಹುದು, ಆರ್‌ಗೆ ದುಡ್ಡು ಕೊಡಬೇಕಿಲ್ಲ.

ಎಕ್ಸೆಲ್‌ನಲ್ಲಿ ತಾರೀಖು, ಮಟ್ಟ ಎಂದು ಎರಡೇ ಕಾಲಂ ಮಾಡಿ, ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಫೈಲ್) ಆಗಿ ಸೇವ್ ಮಾಡಿ. 'ರೀಡ್ ಡಾಟ್ ಸಿಎಸ್‌ವಿ' ಫಂಕ್ಷನ್ ಅದನ್ನು ಓದಿಕೊಳ್ಳುತ್ತದೆ.

ತಾರೀಖಿನ ವಿಷಯದಲ್ಲಿ ಜೋಪಾನ. ನಾವು ಬರೆಯುವುದು 05-07-2024 ಎಂದು, ಅಲ್ವಾ? ಬರಹವನ್ನು ತಾರೀಖಾಗಿ ಬದಲಿಸುವ 'ಆಸ್ ಡಾಟ್ ಡೇಟ್'ಗೆ ಸುಮ್ನೆ ಅದನ್ನು ಕೊಟ್ಟರೆ 5ನೇ ಇಸವಿಯ ಜುಲೈ 20 ಎಂದು ಓದುತ್ತದೆ. ಎರರ್ ಕೂಡ ತೋರಿಸುವುದಿಲ್ಲ. ನನ್ನ ಒಂದು ಇಡೀ ಸಂಜೆ ಇದರಲ್ಲೇ ಹೋಯಿತು. ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ ಎಂದು 'ಫಾರ್ಮ್ಯಾಟ್'ನಲ್ಲಿ ಹೇಳಲೇಬೇಕು.

ಇನ್ನು ಚಿತ್ರ ಬಿಡಿಸುವ 'ಪ್ಲಾಟ್'. ತಾರೀಖು ಮೊದಲು, ಮಟ್ಟ ಆಮೇಲೆ. ಹಾಗೇ ಬಿಟ್ಟರೆ ಬರೀ ಚುಕ್ಕಿ ಬರುತ್ತವೆ. ಗೆರೆ ಬೇಕಾದರೆ 'ಟೈಪ್' ಎಂಬಲ್ಲಿ ಸಣ್ಣಕ್ಷರದ ಎಲ್ ಕೊಡಿ. ನೋಡಲು ಒಂದೇ ಥರ ಇರುತ್ತದೆ ಎಂದು ಅಂಕಿ 1 ಹಾಕಬೇಡಿ.

ನನಗೆ ಮುಖ್ಯ ಎನಿಸುವುದು ಮುಂದಿನ ಕೆಲಸ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅಲ್ಲೊಂದು ಅಡ್ಡಗೆರೆ ಇಲ್ಲದಿದ್ದರೆ ಕಟ್ಟೆ ತುಂಬಲು ಇನ್ನೆಷ್ಟು ಬಾಕಿ ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ. 'ಎಬಿಲೈನ್'ನಲ್ಲಿ ಎಚ್ ಎಂದರೆ 124.8 ಎಂದು ಕೊಡಿ. ಆದರೆ ನೀರು ಕಡಿಮೆ ಇರುವ ದಿನಗಳ ಲೆಕ್ಕ ಮಾತ್ರ ಇದ್ದರೆ ಆರ್ ಚಿತ್ರವನ್ನು ಅಷ್ಟಕ್ಕೇ ಕತ್ತರಿಸುತ್ತದೆ, ಅಡ್ಡಗೆರೆ ಕಾಣುವುದೇ ಇಲ್ಲ. ಅದಕ್ಕೇ ಪ್ಲಾಟ್ ಮಾಡುವಾಗಲೇ 'ವೈಲಿಮ್'ನಲ್ಲಿ 70ರಿಂದ 126 ಎಂದು ಜಾಗ ಬಿಡಿ. 'ವೈಲ್ಯಾಬ್'ನಲ್ಲಿ ಅಡಿ ಎಂದು ಬರೆಯಿರಿ.

ಒಳಹರಿವಿಗೆ 'ಬಾರ್‌ಪ್ಲಾಟ್' ಚೆನ್ನ. ಕಂಬಗಳು ಮಾತ್ರ ಸೊನ್ನೆಯಿಂದಲೇ ಏಳಬೇಕು, ಇಲ್ಲದಿದ್ದರೆ ಸಣ್ಣ ವ್ಯತ್ಯಾಸವೂ ಜಾಸ್ತಿ ಕಾಣುತ್ತದೆ.

ಸೇವ್ ಮಾಡಲು ಮೊದಲು 'ಪಿಎನ್‌ಜಿ', ಆಮೇಲೆ ಚಿತ್ರದ ಸಾಲುಗಳು, ಕೊನೆಗೆ 'ಡೆವ್ ಡಾಟ್ ಆಫ್'. ಈ ಕೊನೆಯದು ಮರೆತರೆ ಫೈಲ್ ಪೂರ್ತಿಯಾಗುವುದಿಲ್ಲ.

ಪ್ರಿಂಟ್ ನೋಡಿದ ಅಪ್ಪ, "ಹೋದ ವರ್ಷದ್ದೂ ಪಕ್ಕದಲ್ಲೇ ಹಾಕವ್ವ" ಎಂದರು. ಇದ್ದ ಚಿತ್ರದ ಮೇಲೇ ಇನ್ನೊಂದು ಗೆರೆ ಎಳೆಯುವ 'ಲೈನ್ಸ್' ಇರುವುದು ಅದಕ್ಕೇ. ಆದರೆ ತಾರೀಖು ಬೇರೆ ವರ್ಷದ್ದಾದ್ದರಿಂದ ಆ ಗೆರೆ ಚಿತ್ರದಿಂದ ಆಚೆ ಹೋಗುತ್ತದೆ. ಎರಡೂ ವರ್ಷದ ತಾರೀಖಿನಿಂದ ಆಯಾ ವರ್ಷದ ಜೂನ್ 1 ಕಳೆದು, ಬಂದ ದಿನಗಳ ಎಣಿಕೆಯ ಮೇಲೆ ಎರಡನ್ನೂ ಹೊಸದಾಗಿ ಎಳೆದೆ. ಈ ವರ್ಷಕ್ಕೆ ನೀಲಿ, ಹೋದ ವರ್ಷಕ್ಕೆ ಬೂದು.