ಎರಡು ಜೊತೆ ಕಾಲುಚೀಲ ಹಾಕಿ ಕೆಟ್ಟೆ

ಮೊದಲ ಸಲ ಸ್ನೋಶೂ, ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿಗೆ ಕಟ್ಟುವ ಅಗಲ ಚೌಕಟ್ಟು, ಕಟ್ಟಿಕೊಂಡು ಹೊರಟಾಗ ನನ್ನ ಹತ್ತಿರ ಇದ್ದದ್ದು ಎರಡು ಬೇಸಿಗೆ ಹಾಕಿ ಪಳಗಿಸಿದ ಚರ್ಮದ ಬೂಟು. ನೀರು ಒಳಗೆ ಬಿಡುತ್ತಿರಲಿಲ್ಲ, ಕಾಲಿಗೂ ಹೇಳಿ ಮಾಡಿಸಿದ ಹಾಗಿತ್ತು. ಚಳಿ ಜಾಸ್ತಿ ಅಲ್ವಾ ಅಂತ ಎರಡು ಜೊತೆ ದಪ್ಪ ಕಾಲುಚೀಲ ಏರಿಸಿ, ಲೇಸ್ ಜಗ್ಗಿ ಕಟ್ಟಿದೆ. ಒಂದು ಗಂಟೆ ನಡೆಯುವಷ್ಟರಲ್ಲಿ ಬೆರಳುಗಳು ಮೊದಲು ಜುಮುಜುಮು ಅಂದವು, ಆಮೇಲೆ ನೋವು, ಆಮೇಲೆ ಏನೂ ಇಲ್ಲ. ನೋವಿಗಿಂತ ಆ ಏನೂ ಇಲ್ಲದ್ದೇ ಹೆದರಿಸಿತು.

ಜೊತೆಗಿದ್ದ ಗೆಳೆಯ ಬೂಟು ಬಿಚ್ಚಿಸಿ, ಒಂದು ಜೊತೆ ಕಾಲುಚೀಲ ತೆಗಿ ಅಂದ. ಹಿಮದ ಮಧ್ಯೆ ನಿಂತು ಇವನಿಗೆ ತಲೆ ಕೆಟ್ಟಿದೆಯಾ ಅನ್ನಿಸಿತು. ತೆಗೆದೆ. ಲೇಸ್ ಸಡಿಲ ಮಾಡಿ ಮತ್ತೆ ಹೊರಟು ಸುಮಾರು 15 ನಿಮಿಷಕ್ಕೆ ಬೆರಳಿಗೆ ಜೀವ ಬಂತು. ರಕ್ತ ವಾಪಸ್ ಹರಿಯುವಾಗಿನ ಉರಿ ಇದೆಯಲ್ಲ, ಕಣ್ಣಲ್ಲಿ ನೀರು ಬರಿಸಿಬಿಡುತ್ತದೆ.

ಬೂಟು ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ತರುವುದು ರಕ್ತ, ಅದನ್ನು ಹಿಡಿದಿಡುವುದು ಕಾಲಿನ ಸುತ್ತ ನಿಂತ ಗಾಳಿ. ಬೂಟಿನೊಳಗೆ ಬಟ್ಟೆ ತುರುಕಿದರೆ ರಕ್ತವೂ ಓಡುವುದಿಲ್ಲ, ಗಾಳಿಗೂ ಜಾಗ ಇಲ್ಲ. ಇಷ್ಟು ಸಣ್ಣ ವಿಷಯ ಗೊತ್ತಾಗಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಗೊತ್ತಾದ ಮೇಲೆ ಇನ್ನೊಂದು ಕಡೆಗೆ ಎಡವಿದೆ. ಪೂರ್ತಿ ಒಂದು ಸೈಜ್ ದೊಡ್ಡ ಬೂಟು ತಂದೆ. ಸ್ನೋಶೂನಲ್ಲಿ ಕಾಲು ಮುಂಭಾಗದಿಂದ ತಿರುಗುತ್ತದೆ, ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೇಳುತ್ತದೆ, ಚೌಕಟ್ಟಿನ ಬಾಲ ಹಿಂದೆ ಎಳೆದುಕೊಂಡು ಬರುತ್ತದೆ. ಹಾಗಾಗಿ ಹಿಮ್ಮಡಿ ಸಡಿಲವಿದ್ದರೆ ದಿನವಿಡೀ ಉಜ್ಜುತ್ತಲೇ ಇರುತ್ತದೆ. ಸಂಜೆಗೆ ಎರಡೂ ಕಾಲಲ್ಲಿ ಬೊಬ್ಬೆ.

ಈಗ ಅಂಗಡಿಗೆ ಸಂಜೆ ಹೊತ್ತೇ ಹೋಗಿ ಬೂಟು ನೋಡುತ್ತೇನೆ, ಆಗ ಕಾಲು ಸ್ವಲ್ಪ ಊದಿರುತ್ತದೆ. ಚಳಿಗಾಲದಲ್ಲಿ ಹಾಕುವ ಕಾಲುಚೀಲವನ್ನೇ ಒಯ್ಯುತ್ತೇನೆ. ಲೇಸ್ ಕಟ್ಟದೆ ಕಾಲನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಕೈಬೆರಳು ತೂರಬೇಕು. ಕಟ್ಟಿದ ಮೇಲೆ ಹಿಮ್ಮಡಿ ಕೂತಲ್ಲೇ ಕೂರಬೇಕು, ಕಾಲ್ಬೆರಳು ಮಾತ್ರ ಒಳಗೆ ಆಡಬೇಕು. ನನಗೆ ಬೇಸಿಗೆ ಬೂಟಿಗಿಂತ ಅರ್ಧ ಸೈಜ್ ದೊಡ್ಡದು ಸರಿಹೋಯಿತು.

ಸಾಧ್ಯವಾದರೆ ಸ್ನೋಶೂ ಕೂಡ ಒಯ್ದು ಕಟ್ಟಿ ನೋಡಿ. ನನ್ನ ಒಂದು ಬೂಟಿನ ಹಿಂಭಾಗ ನುಣ್ಣಗಿತ್ತು, ಹಿಮ್ಮಡಿಯ ಪಟ್ಟಿ ನಿಲ್ಲಲು ಅಂಚೇ ಇರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಜಾರುತ್ತಿತ್ತು, ಕೈಗವಸು ಬಿಚ್ಚಿ ಬಗ್ಗಿ ಸರಿಮಾಡಿ ಸಾಕಾಗಿ ಹೋಯಿತು. ಬೂಟಿನ ಮೂತಿ ತೀರಾ ಮೆತ್ತಗಿದ್ದರೂ ಕಷ್ಟ. ಮುಂದಿನ ಪಟ್ಟಿ ನೇರವಾಗಿ ಬೆರಳನ್ನೇ ಅದುಮುತ್ತದೆ, ಅಲ್ಲಿಗೆ ರಕ್ತದ ಕಥೆ ಮತ್ತೆ ಶುರು.

ಇನ್ನು ಬೆಚ್ಚಗಿಡಲು ಬೂಟಿನೊಳಗೆ ಹಾಕಿರುವ ಪದರ. 200 ಗ್ರಾಂ, 400 ಗ್ರಾಂ ಅಂತ ಬರೆದಿರುತ್ತದಲ್ಲ, ಅದು ಬೂಟಿನ ತೂಕ ಅಲ್ಲ, ಒಳಪದರದ ಒಂದು ಚದರ ಮೀಟರಿನ ತೂಕ. ನಾನು ಆಸೆಬಿದ್ದು 400ರದ್ದು ತಗೊಂಡೆ. ಏರು ಹತ್ತುವಾಗ ಕಾಲು ಬೆವರಿ ತೊಪ್ಪೆ. ಊಟಕ್ಕೆ ಕೂತ ಅರ್ಧ ಗಂಟೆಯಲ್ಲಿ ಅದೇ ಬೆವರು ತಣ್ಣಗಾಗಿ ಕೊರೆಯತೊಡಗಿತು. ಒಂದೇ ದಿನದ ನಡಿಗೆಗೆ 200 ನನಗೆ ಧಾರಾಳ, ಜಾಸ್ತಿ ನಿಲ್ಲುವುದಿದ್ದರೆ ಮಾತ್ರ ದಪ್ಪನೆಯದು. ಪೆಟ್ಟಿಗೆ ಮೇಲೆ ಮೈನಸ್ 30 ಅಂತ ಇದ್ದರೂ ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ನೀವು ನಡೆಯುತ್ತಿದ್ದೀರೋ ಸುಮ್ನೆ ನಿಂತಿದ್ದೀರೋ ಅಂತ ಆ ಸಂಖ್ಯೆಗೆ ಹೇಗೆ ಗೊತ್ತಾಗಬೇಕು? ನನಗಂತೂ ಮೈನಸ್ 15ರ ಒಣ ಹಿಮಕ್ಕಿಂತ ಸೊನ್ನೆಯ ಹತ್ತಿರದ ಒದ್ದೆ ಹಿಮವೇ ಹೆಚ್ಚು ಕಾಡಿದೆ.

ಕಾಲುಚೀಲ ಉಣ್ಣೆಯದೇ ಇರಲಿ, ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಹತ್ತಿ ಬೇಡವೇ ಬೇಡ. ಒಂದು ಒಣ ಜೊತೆ ಚೀಲದಲ್ಲಿ ಇದ್ದರೆ ಮಧ್ಯಾಹ್ನ ಬದಲಿಸಬಹುದು, ಆ ಎರಡು ನಿಮಿಷದ ಸುಖಕ್ಕೆ ಸಾಟಿ ಇಲ್ಲ. ಬೂಟಿನ ಬಾಯಿಂದ ಹಿಮ ಒಳಗೆ ಬಿದ್ದರೆ ಇದೆಲ್ಲ ದಂಡ, ಆದ್ದರಿಂದ ಬೂಟಿನ ಬಾಯಿ ಮುಚ್ಚುವ ಹಾಗೆ ಮೊಣಕಾಲ ಕೆಳಗೆ ಸುತ್ತಿಕೊಳ್ಳುವ ಗೇಟರ್ ಇರಲೇಬೇಕು. ಗಟ್ಟಿ ಮಂಜುಗಡ್ಡೆಯ ಮೇಲೆ ಜಾರದಂತೆ ಬೂಟಿಗೆ ಏರಿಸುವ ಮುಳ್ಳಿನ ಸರಪಳಿ, ಮೈಕ್ರೋಸ್ಪೈಕ್ಸ್, ಕೊಳ್ಳುವಾಗಲೂ ಇದೇ ಬೂಟು ಒಯ್ಯಿರಿ. ಬೇಸಿಗೆ ಬೂಟಿಗೆ ಸರಿಹೋದದ್ದು ಇದರ ಮೇಲೆ ಏರದೇ ಇರಬಹುದು.

ರಾತ್ರಿ ಟೆಂಟಿನಲ್ಲಿ ಉಳಿಯುವುದಾದರೆ ಒಳಬೂಟು ಬಿಡಿಯಾಗಿ ಹೊರಗೆ ಬರುವ ಜೋಡಿಯೇ ನನಗಿಷ್ಟ. ಒಳಗಿನದನ್ನು ಸ್ಲೀಪಿಂಗ್ ಬ್ಯಾಗಿನಲ್ಲಿ ಹಾಕಿಕೊಂಡು ಮಲಗಿದರೆ ಬೆಳಿಗ್ಗೆ ಬೆಚ್ಚಗಿರುತ್ತದೆ. ಒಮ್ಮೆ ಬೆಂಕಿಯ ಹತ್ತಿರ ಒಣಗಿಸಲು ಹೋಗಿ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆದಿತ್ತು, ಆ ಕೆಲಸ ಮತ್ತೆ ಮಾಡಿಲ್ಲ. ಒಂದೇ ತುಂಡಿನ ಬೂಟು ಹಾಕಿ ಹೋದ ದಿನ ರಾತ್ರಿ ಲೇಸ್ ಪೂರ್ತಿ ಸಡಿಲ ಮಾಡಿ ಬಾಯಿ ಅಗಲಿಸಿಟ್ಟು ಮಲಗುತ್ತೇನೆ. ಬೆಳಿಗ್ಗೆ ಕಲ್ಲಿನಂತೆ ಸೆಟೆದುಕೊಂಡಿದ್ದರೂ ಕಾಲು ತೂರಿಸುವಷ್ಟು ಜಾಗ ಇರುತ್ತದೆ.