ಹೆದ್ದಾರಿ ಬದಿಯ ಪಾರ್ಕ್, ತೋಡಿನ ಬದಿಯ ಗದ್ದೆ

ಉಡುಪಿ ಹತ್ತಿರದ ನಮ್ಮ ಬಡಾವಣೆಯಲ್ಲಿ 70 ಸೆಂಟ್ಸಿನ (ನೂರು ಸೆಂಟ್ಸ್ ಅಂದರೆ ಒಂದು ಎಕ್ರೆ) ಒಂದು ಪಾರ್ಕ್ ಇದೆ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ತಾಗಿಕೊಂಡೇ ಇದೆ. ಅದನ್ನು ಖಾಸಗಿಯವರೊಬ್ಬರಿಗೆ ಬಿಟ್ಟುಕೊಟ್ಟು, ಅವರಿಂದ ಒಳಗಡೆ ಒಂದೂವರೆ ಎಕ್ರೆ ಜಾಗ ತೆಗೆದುಕೊಳ್ಳುವ ಪ್ರಸ್ತಾವ ಸ್ಥಳೀಯ ಆಡಳಿತದ ಮುಂದೆ ಬಂತು. ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಅದಕ್ಕೆ ಇದ್ದದ್ದು ಒಂದೇ ಸಾಲು. ನಮ್ಮ ಪುಣ್ಯ, ಅದು ಪರಿಚಯದ ಒಬ್ಬರ ಕಣ್ಣಿಗೆ ಬಿತ್ತು.

ಪ್ರಸ್ತಾವ ಕೈಬಿಟ್ಟದ್ದಾಯಿತು, ಪಾರ್ಕ್ ಉಳಿಯಿತು. ಅದಾದ ಮೇಲೆ ಬೇರೆ ಬಡಾವಣೆಯವರು ಫೋನ್ ಮಾಡಿ, ಹೇಗೆ ಉಳಿಸಿಕೊಂಡಿರಿ ಅಂತ ಕೇಳುತ್ತಲೇ ಇದ್ದಾರೆ. ಎಲ್ಲವನ್ನೂ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮಗೆ ಎದುರಾದ ಮೊದಲ ಕಷ್ಟ ಅಂದರೆ, ಪ್ರಸ್ತಾವ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. 70 ಸೆಂಟ್ಸ್ ಕೊಟ್ಟು 150 ಸೆಂಟ್ಸ್ ತೆಗೆದುಕೊಂಡರೆ ಯಾರಿಗೆ ನಷ್ಟ? ನಮ್ಮವರಲ್ಲೇ ಕೆಲವರು ಹಾಗೆ ಕೇಳಿದರು. "ಜಾಸ್ತಿ ಜಾಗ ಸಿಗ್ತದಲ್ಲ ಮಾರಾಯ್ರೆ, ಮತ್ತೇನು ಬೇಕು?" ಸುಮ್ನೆ ವಾದ ಮಾಡಿ ಪ್ರಯೋಜನ ಇರಲಿಲ್ಲ. ಎಲ್ಲರೂ ಒಮ್ಮೆ ಆ ಜಾಗ ನೋಡಿ ಬರೋಣ ಅಂದೆ.

ಒಂದು ಭಾನುವಾರ ಸಂಜೆ ಪಾರ್ಕಿನ ಗೇಟಿನಿಂದಲೇ ನಡೆದು ಹೊರಟೆವು. ನಮ್ಮ ಜೊತೆ ದಿನಾ ಪಾರ್ಕಿಗೆ ಬರುವ ಕೆಳಮನೆಯ ಅಜ್ಜಿಯೂ ಇದ್ದರು. ಅವರ ಮಂಡಿನೋವು ಎಲ್ಲರಿಗೂ ಗೊತ್ತು, ಆದರೂ ನಾನೂ ಬರ್ತೇನೆ ಅಂತ ಹಟ ಮಾಡಿದರು. ಮೊದಲು ಹೆದ್ದಾರಿ ದಾಟಬೇಕು. ಅಲ್ಲಿ ಅಂಡರ್‌ಪಾಸ್ ಇಲ್ಲ. ಲಾರಿ, ಟ್ಯಾಂಕರು, ಎಕ್ಸ್‌ಪ್ರೆಸ್ ಬಸ್ಸು ಒಂದರ ಹಿಂದೆ ಒಂದು ಬರುತ್ತವೆ. ಅಜ್ಜಿಯ ಕೈ ಹಿಡಿದು ಡಿವೈಡರಿನ ಹತ್ತಿರ ನಿಂತು ಕಾದದ್ದೇ ಕಾದದ್ದು. ಆಮೇಲೆ ಒಂದು ಕಿರಿದಾದ ಕಾಂಕ್ರೀಟು ರಸ್ತೆ, ಅದು ಮುಗಿದ ಮೇಲೆ ಮಣ್ಣಿನ ದಾರಿ. ಅರ್ಧ ದಾರಿಗೇ ಅಜ್ಜಿ ಒಂದು ಮನೆಯ ಕಟ್ಟೆ ಮೇಲೆ ಕೂತರು. "ನೀವು ಹೋಗಿ ಬನ್ನಿ, ನನಗಾಗುವುದಿಲ್ಲ" ಅಂದರು. ಆ ಮಾತನ್ನೇ ಅವರು ಆಮೇಲೆ ತಮ್ಮ ಆಕ್ಷೇಪಣೆ ಪತ್ರದಲ್ಲಿ ಬರೆಸಿದರು. ಜಾಸ್ತಿ ಜಾಗ ಸಿಗುತ್ತದೆ ಅನ್ನುವ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬದಲಿ ಜಾಗ ತೋಡಿನ (ಸಣ್ಣ ಹಳ್ಳದ) ಬದಿಯ, ಬೇಸಾಯ ಇಲ್ಲದೆ ಹಡಿಲು ಬಿದ್ದ ಗದ್ದೆ. ಬೇಸಿಗೆಯಲ್ಲಿ ನೋಡಿದರೆ ಚಂದದ ಬಯಲು. ಅಲ್ಲಿ ದನ ಮೇಯಿಸುತ್ತಿದ್ದ ಒಬ್ಬರನ್ನು ಮಾತಾಡಿಸಿದೆವು. ಅವರು ಮೊಬೈಲ್ ತೆಗೆದು 2020ರ ಸೆಪ್ಟೆಂಬರಿನ ನೆರೆಯ ಫೋಟೋ ತೋರಿಸಿದರು. ಆ ವರ್ಷ ಸ್ವರ್ಣಾ ನದಿ ಉಕ್ಕಿ ಉಡುಪಿಯ ತಗ್ಗು ಪ್ರದೇಶಗಳಿಗೆಲ್ಲ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ ಅಲ್ವಾ? ಫೋಟೋದಲ್ಲಿ ಗದ್ದೆ ಕಾಣುವುದೇ ಇಲ್ಲ. ಬರೀ ಕೆಂಪು ನೀರು, ನಡುವೆ ಒಂದು ಕರೆಂಟು ಕಂಬ. ನಾವು ಅದೇ ಕಂಬದ ಪಕ್ಕ ನಿಂತಿದ್ದೆವು. ಫೋಟೋದಲ್ಲಿ ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿ ಕೈ ಇಟ್ಟು ನೋಡಿದರೆ ನನ್ನ ಎದೆಮಟ್ಟ. ಹಾಗೆಯೇ ಕೈ ಇಟ್ಟು ಇನ್ನೊಂದು ಫೋಟೋ ತೆಗೆಸಿಕೊಂಡೆ. ಎರಡನ್ನೂ ಅಕ್ಕಪಕ್ಕ ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಫೋಟೋ ಕೊಟ್ಟವರ ಸಹಿ ತೆಗೆದುಕೊಂಡು, ಆಕ್ಷೇಪಣೆಗೆ ಲಗತ್ತಿಸಿದೆವು.

ಮರುದಿನದಿಂದ ಕಾಗದಪತ್ರದ ಕೆಲಸ. ಮೊದಲು ಬೇಕಾದದ್ದು ಲೇಔಟಿನ ಮಂಜೂರಾದ ನಕ್ಷೆ. ಲೇಔಟಿಗೆ ಅನುಮತಿ ಕೊಡುವಾಗಲೇ ರಸ್ತೆಗೆ, ಪಾರ್ಕಿಗೆ ಅಂತ ಜಾಗ ಬಿಡಿಸಿಕೊಳ್ಳುತ್ತಾರೆ. ಲೇಔಟ್ ಮಾಡಿದವರು ಅದನ್ನು ಪರಿತ್ಯಾಜನಾ ಪತ್ರದ (ಹಕ್ಕು ಬಿಟ್ಟುಕೊಡುವ ಪತ್ರದ) ಮೂಲಕ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಅಂದರೆ ಆ ಜಾಗ ಆಡಳಿತಕ್ಕೆ ಬಂದದ್ದೇ ಪಾರ್ಕ್ ಆಗಿ. ಸೈಟು ಕೊಂಡವರು ಕೊಟ್ಟ ದುಡ್ಡಿನಲ್ಲಿ ಪಾರ್ಕಿನ ಪಾಲೂ ಸೇರಿದೆ. ಯೋಜನಾ ಪ್ರಾಧಿಕಾರದಿಂದ ನಕ್ಷೆಯ ದೃಢೀಕೃತ ಪ್ರತಿ, ಉಪನೋಂದಣಿ ಕಚೇರಿಯಿಂದ ಪರಿತ್ಯಾಜನಾ ಪತ್ರದ ಪ್ರತಿ ತಂದೆವು. ಬದಲಿ ಜಾಗದ ಆರ್‌ಟಿಸಿಯನ್ನೂ ತೆಗೆಸಿದೆವು. ಅದು ಇನ್ನೂ ಕೃಷಿ ಭೂಮಿಯೇ, ಕನ್ವರ್ಷನ್, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿರಲಿಲ್ಲ. ಸರ್ವೆ ನಂಬರ್ ಗೊತ್ತಿಲ್ಲದವರು ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಅದು ತೋರಿಸುತ್ತದೆ. ಗಡಿಯ ವಿಷಯಕ್ಕೆ ಮಾತ್ರ ಭೂಮಾಪನ ಇಲಾಖೆಯ ನಕ್ಷೆಯೇ ಬೇಕು, ಆ್ಯಪನ್ನು ನಂಬಿ ಬರೆಯಬೇಡಿ.

ಮಾರ್ಗಸೂಚಿ ದರವನ್ನೂ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಜಾಗದ ಬೆಲೆಯನ್ನೂ ನೋಡಿ. ಹೆದ್ದಾರಿ ಬದಿಯ ಸೆಂಟ್ಸಿಗೂ ತೋಡಿನ ಬದಿಯ ಗದ್ದೆಗೂ ಅಜಗಜಾಂತರ. ಎರಡನ್ನೂ ಗುಣಿಸಿ ಬರೆದ ಒಂದು ಹಾಳೆ ಸಾಕು, ಯಾರಿಗೆ ಲಾಭ ಅಂತ ಬೇರೆ ವಿವರಿಸಬೇಕಾಗಿಲ್ಲ.

ಇನ್ನು ಮಾಹಿತಿ ಹಕ್ಕು. 2005ರ ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಆದ್ದರಿಂದ ಕಥೆ ಬರೆಯಲು ಹೋಗಬೇಡಿ. ಬೇಕಾದ ದಾಖಲೆಯ ಹೆಸರು ಹೇಳಿ, ಕಡತ ಪರಿಶೀಲನೆಗೂ ಅವಕಾಶ ಕೇಳಿ. ನನ್ನ ಮಟ್ಟಿಗೆ ಇಡೀ ಹೋರಾಟದಲ್ಲಿ ಅತಿ ಮುಖ್ಯವಾದದ್ದು ಆ ಕಡತ ಪರಿಶೀಲನೆ. ಪ್ರತಿಗಳು ಕೈಗೆ ಬಂದಾಗ ಅವರು ಕೊಟ್ಟಷ್ಟು ಹಾಳೆ ಮಾತ್ರ ಕಾಣುತ್ತದೆ. ಕಚೇರಿಯಲ್ಲಿ ಕೂತು ಕಡತ ತಿರುವಿದರೆ ಟಿಪ್ಪಣಿ ಹಾಳೆ ಸಿಗುತ್ತದೆ, ಯಾರು ಯಾವಾಗ ಏನು ಬರೆದರು ಅಂತ ಗೊತ್ತಾಗುತ್ತದೆ. ನಮ್ಮ ಕಡತದಲ್ಲಿ "ಸದರಿ ಉದ್ಯಾನವನವು ಬಳಕೆಯಲ್ಲಿರುವುದಿಲ್ಲ" ಅಂತ ಬರೆದಿತ್ತು. ಓದಿ ಹೊಟ್ಟೆ ಉರಿಯಿತು. ಬೆಳಿಗ್ಗೆ ವಾಕಿಂಗ್ ಮಾಡುವವರು, ಸಂಜೆ ಕ್ರಿಕೆಟ್ ಆಡುವ ಮಕ್ಕಳು, ಮಧ್ಯಾಹ್ನ ರೆಂಜೆ ಮರದ ಕೆಳಗೆ ಬುತ್ತಿ ಬಿಚ್ಚುವ ಕಟ್ಟಡ ಕೆಲಸದವರು, ಇವರೆಲ್ಲ ಆ ವಾಕ್ಯದಲ್ಲಿ ಇಲ್ಲವೇ ಇಲ್ಲ.

ಅದಕ್ಕೆ ಉತ್ತರವಾಗಿ ಗೇಟಿನ ಪಕ್ಕದ ಅಂಗಡಿಯಲ್ಲಿ ಒಂದು ಉದ್ದದ ನೋಟ್‌ಬುಕ್ ಇಟ್ಟೆವು. ಬಂದವರು ಹೆಸರು, ಹೊತ್ತು, ಯಾಕೆ ಬಂದದ್ದು ಅಂತ ಬರೆದು ಸಹಿ ಹಾಕಬೇಕು. ಬರೆಯಲು ಬಾರದವರಿಗೆ ಅಂಗಡಿಯ ಅಣ್ಣ ಬರೆದುಕೊಟ್ಟರು. ಪುಟಗಳ ಜೆರಾಕ್ಸ್ ತೆಗೆದು ನಂಬರ್ ಹಾಕಿ ಕಚೇರಿಗೆ ಕೊಟ್ಟೆವು. ಪಾರ್ಕ್ ಬಳಕೆಯಲ್ಲಿದೆ ಅನ್ನುವುದು ಹಾಗೆ ಅದೇ ಕಡತಕ್ಕೆ ಸೇರಿತು.

ಆಕ್ಷೇಪಣೆ ಪತ್ರದ ಬಗ್ಗೆ ಒಂದು ಮಾತು. ಒಂದೇ ಒಕ್ಕಣೆಯನ್ನು ಪ್ರಿಂಟ್ ಹಾಕಿಸಿ ಎಲ್ಲರ ಸಹಿ ತೆಗೆದುಕೊಳ್ಳುವುದು ಸುಲಭ. ಆದರೆ ನೂರು ಸಹಿ ಇದ್ದರೂ ಅದು ಒಂದು ಪತ್ರವೇ. ನಾವು ಪ್ರತಿ ಮನೆಯವರಿಗೂ ಅವರವರ ಕಾರಣ ಬರೆಯಿರಿ ಅಂದೆವು. ನರ್ಸ್ ಆಗಿರುವ ಒಬ್ಬ ಅಕ್ಕ ರಾತ್ರಿ ಪಾಳಿ ಮುಗಿಸಿ ಮಕ್ಕಳನ್ನು ಒಂದು ಗಳಿಗೆ ಅಲ್ಲಿ ಆಡಲು ಬಿಡುವುದನ್ನು ಬರೆದರು. ಪಾರ್ಕಿನ ಕೆಳಬದಿಯವರು ಬಾವಿಯ ವಿಷಯ ಬರೆದರು. ಏಪ್ರಿಲ್, ಮೇನಲ್ಲಿ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದು ನಳ್ಳಿ ನೀರಿಗೆ ಸರದಿ ಶುರುವಾದಾಗ ಅವರಿಗೆ ಗತಿ ಬಾವಿಯೇ. ಮುರಕಲ್ಲಿನ ನೆಲದ ಮೇಲೆ ಬಿದ್ದ ಮಳೆ ಇಂಗುವುದಕ್ಕೆ ಅಲ್ಲಿ ಬೇರೆ ಬಯಲೂ ಉಳಿದಿಲ್ಲ. ಪ್ರತಿಯೊಂದು ಪತ್ರವನ್ನೂ ಟಪಾಲು ವಿಭಾಗದಲ್ಲಿ ಕೊಟ್ಟು, ಸೀಲು ಹಾಕಿಸಿ, ಇನ್‌ವರ್ಡ್ ನಂಬರ್ ಬರೆಸಿಕೊಂಡೇ ಬಂದೆವು. ಯಾರಿಗೋ ಕೈಯಲ್ಲಿ ಕೊಟ್ಟು ಬಂದ ಪತ್ರಕ್ಕೆ ಅರ್ಥ ಇಲ್ಲ.

ಕಾನೂನಿನ ಆಧಾರ ಅಂತ ಮೂರು ವಿಷಯ ಬರೆದೆವು. ಒಂದು, 1985ರ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡಬೇಕು, ಅವನ್ನು ಬೇರೆ ಉದ್ದೇಶಕ್ಕೆ ಮನಸ್ಸಿಗೆ ಬಂದಂತೆ ಬಳಸುವ ಹಾಗಿಲ್ಲ. ಎರಡು, ಸುಪ್ರೀಂ ಕೋರ್ಟಿನ 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ತೀರ್ಪು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ನಿವಾಸಿಗಳು ಅದನ್ನು ಪ್ರಶ್ನಿಸಿದರು, ಗೆದ್ದರು. ಪ್ರಶ್ನೆ ಕೇಳಲು ನೀವು ಯಾರು ಅಂತ ಯಾರಾದರೂ ಕೇಳಿದರೆ ಈ ತೀರ್ಪನ್ನು ಮುಂದಿಡಿ. ಪಾರ್ಕ್ ಹೋದರೆ ನಷ್ಟ ಆಗುವುದು ಅಲ್ಲಿ ವಾಸ ಇರುವವರಿಗೆ, ಹಾಗಾಗಿ ಕೇಳುವ ಹಕ್ಕೂ ಅವರಿಗಿದೆ ಅಂತ ಕೋರ್ಟ್ ಒಪ್ಪಿದೆ. ಮೂರು, 1999ರ ಲಕ್ನೋ ಪ್ರಕರಣ. ಅಲ್ಲಿ ಪಾರ್ಕಿನ ಅಡಿಯಲ್ಲಿ ಕಟ್ಟುತ್ತಿದ್ದ ಶಾಪಿಂಗ್ ಕಾಂಪ್ಲೆಕ್ಸನ್ನು ಕೆಡವಿ ಪಾರ್ಕನ್ನು ಮೊದಲಿನಂತೆ ಮಾಡಿ ಅಂತ ಅದೇ ಕೋರ್ಟ್ ಹೇಳಿತ್ತು. ನಾವು ಕೋರ್ಟಿಗೆ ಹೋಗಬೇಕಾಗಿ ಬರಲಿಲ್ಲ. ಆದರೆ ಹೋಗಲು ತಯಾರಿದ್ದೇವೆ ಅಂತ ಪತ್ರ ಓದಿದವರಿಗೆ ಗೊತ್ತಾಗಬೇಕಿತ್ತು.

ಸಭೆಗೆ ಮೊದಲು ಸದಸ್ಯರ ಮನೆಗಳಿಗೆ ಹೋದೆವು. ಪಕ್ಷ ನೋಡಲಿಲ್ಲ, ಎಲ್ಲರ ಮನೆಗೂ ಹೋದೆವು. ಆಶ್ಚರ್ಯ ಅಂದರೆ, ಅವರಲ್ಲಿ ಹೆಚ್ಚಿನವರು ಬದಲಿ ಜಾಗವನ್ನು ನೋಡಿಯೇ ಇರಲಿಲ್ಲ. ನೆರೆಯ ಫೋಟೋ ಕೈಗಿಟ್ಟಾಗ ಹಿರಿಯ ಸದಸ್ಯೆಯೊಬ್ಬರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಇಲ್ಲಿ ಮಕ್ಕಳನ್ನು ಆಡಲು ಬಿಡುವುದಾ?" ಅಂದರು. ಸಭೆಯಲ್ಲಿ ಮೊದಲು ಎದ್ದು ಮಾತಾಡಿದವರು ಅವರೇ. ಜೊತೆಗೆ ಜಿಲ್ಲಾಧಿಕಾರಿ ಕಚೇರಿಗೂ ಒಂದು ಮನವಿ ಕೊಟ್ಟಿದ್ದೆವು. ಪುರಸಭೆ, ನಗರಸಭೆಗಳ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ.

ವಿಷಯವನ್ನು ಮೊದಲು ಮುಂದೂಡಿದರು, ಆಮೇಲಿನ ಸಭೆಯಲ್ಲಿ ಕೈಬಿಟ್ಟರು. ನಿರ್ಣಯದ ದೃಢೀಕೃತ ಪ್ರತಿ ತೆಗೆದುಕೊಂಡಿದ್ದೇವೆ. ಆದರೆ ಕೈಬಿಟ್ಟ ಪ್ರಸ್ತಾವ ಇನ್ನೊಂದು ವರ್ಷ ಇನ್ನೊಂದು ಹೆಸರಿನಲ್ಲಿ ಬರಬಹುದು. ಹಾಗಾಗಿ ಈಗ ಆಸ್ತಿ ವಹಿಯಲ್ಲಿ ಆ ಜಾಗದ ಮುಂದೆ "ಉದ್ಯಾನವನ" ಅಂತ ಬರೆಸಿದ್ದೇವೆ, ಗಡಿ ಅಳತೆ ಮಾಡಿಸಿ ಮುರಕಲ್ಲಿನ ಆವರಣ ಕಟ್ಟಿಸಲು ಅರ್ಜಿ ಕೊಟ್ಟಿದ್ದೇವೆ. 1985ರ ಕಾಯ್ದೆಯ ಪಟ್ಟಿಗೆ ಅದನ್ನು ಸೇರಿಸುವ ಮನವಿ ಇನ್ನೂ ಕಚೇರಿಯಲ್ಲಿದೆ. ಮುಂದಿನ ವಾರ ಅದರ ಬಗ್ಗೆ ಕೇಳಲು ಹೋಗುತ್ತೇವೆ. ನೀವೂ ನಿಮ್ಮ ಬಡಾವಣೆಯ ಪಾರ್ಕ್ ಆ ಪಟ್ಟಿಯಲ್ಲಿ ಇದೆಯಾ ಅಂತ ಪ್ರಸ್ತಾವ ಬರುವ ಮೊದಲೇ ಕೇಳಿ ಇಟ್ಟುಕೊಳ್ಳಿ.